ಬುರ್ಜ್ ಖಲೀಫಾ ಟಿಕೆಟ್: ಇಲ್ಲಿಂದೇ ಬುಕ್ ಮಾಡ್ಬೇಕಾ, ಅಲ್ಲಿ ಹೋಗಿ ತಗೋಬೇಕಾ?

ಪ್ರತಿ ಸೂಟಿ ಹತ್ರ ಬಂದಂಗ ನಂಗ ಒಂದೇ ಥರದ ಫೋನ್ ಬರ್ತಾವ. "ಅಣ್ಣಾ, ಮುಂದಿನ ತಿಂಗ್ಳು ದುಬೈಗೆ ಹೊಂಟೀವಿ ತಮ್ಮನ ಹಂತ್ಯಾಕ, ಬುರ್ಜ್ ಖಲೀಫಾದ ಟಿಕೆಟ್ ಈಗೇ ತಗದಿಡ್ಲೇನು, ಇಲ್ಲಾ ಅಲ್ಲಿ ಹೋದ್ಮ್ಯಾಲ ನೋಡ್ಕೊಳ್ಳೋದಾ?" ನಮ್ ಕಲಬುರಗಿ, ಬೀದರ್ ಕಡಿಯಿಂದ ಹೈದರಾಬಾದಿಗೆ ಹೋಗಿ ಅಲ್ಲಿಂದ ವಿಮಾನ ಹತ್ತೋರು ಭಾಳ ಮಂದಿ ಇದ್ದಾರ, ಹೆಚ್ಚಾಗಿ ಅಲ್ಲಿ ದುಡಿಯೋ ಮಗನ್ನೋ ತಮ್ಮನ್ನೋ ನೋಡ್ಲಿಕ್ಕಂತ ಹೋಗೋರು, ವಯಸ್ಸಾದ ಅವ್ವ ಅಪ್ಪನ್ನ ಕರ್ಕೊಂಡು ಹೋಗೋರು. ಅವರಿಗೆ ಇದು ಒಂದೇ ಸಲ ಸಿಗೋ ಅವಕಾಶ. ಅದಕ್ಕೇ ಫೋನಿನ್ಯಾಗ ಎರಡು ಮಾತು ಹೇಳಿ ಇಡೋದಕ್ಕಿಂತ ಪೂರ್ತಿ ಬರದೇ ಇಡ್ತೀನಿ.

ನಾನು ಆ ಎತ್ತರದ ಟವರಿನ ಮ್ಯಾಲ ಹತ್ತಿ ಊರು ನೋಡ್ಲಿಕ್ಕ ಮೂರು ಸಲ ಹೋಗೀನಿ. ಮೊದಲ್ನೇ ಸಲ ಒಂದು ತಿಂಗ್ಳು ಮುಂಚೆ ಇಲ್ಲಿಂದೇ ಟಿಕೆಟ್ ತಗದಿದ್ದೆ, ಒಬ್ಬ ಏಜೆಂಟ್ ಪ್ಯಾಕೇಜಿನ್ಯಾಗ ಸೇರಿಸಿ ಕೊಟ್ಟಿದ್ದ, ಸೂರ್ಯ ಮುಳುಗೋ ಟೈಮು, ರೊಕ್ಕಾನೂ ಹೆಚ್ಚು. ಹೋದ ದಿನ ಧೂಳು. ಮ್ಯಾಲ ನಿಂತು ನೋಡಿದ್ರ ಗಾಜಿನ ಆಚಿಗೆ ಬರೇ ಹಾಲಿನ ಬಣ್ಣ, ಕೆಳಗಿನ ರೋಡು ಸುದ್ದಾ ಸರಿ ಕಾಣ್ಲಿಲ್ಲ. ಎರಡನೇ ಸಲ ಅದೇ ಅನುಭವದ ಮ್ಯಾಲ ಏನೂ ಬುಕ್ ಮಾಡ್ಲಿಲ್ಲ, ಹೆಂಡ್ತಿ ಮಕ್ಳನ್ನ ಕರ್ಕೊಂಡು ಸಂಜಿ ನಾಲ್ಕೂವರಿಗೆ ಕೌಂಟರಿಗೆ ಹೋಗಿ ನಿಂತೆ, ಆಕಾಶ ಕನ್ನಡಿಯಂಗ ಇತ್ತು, ಆದ್ರ ಸೂರ್ಯಾಸ್ತದ ಟೈಮಿನ ಟಿಕೆಟ್ ಎಲ್ಲಾ ಮಾರಿಹೋಗಿದ್ವು, ಸಿಕ್ಕದ್ದು ರಾತ್ರಿ ಎಂಟೂವರಿದು. ಅಷ್ಟೊತ್ತಿಗೆ ಸಣ್ಣ ಮಗಳು ಹೆಗಲ ಮ್ಯಾಲ ಮಲಗಿಬಿಟ್ಟಿದ್ದಳು. ಮೂರನೇ ಸಲ ಅವ್ವನ್ನ ಕರ್ಕೊಂಡು ಹೋದಾಗ ಮೂರು ದಿನ ಮುಂಚೆ, ದುಬೈದಾಗೇ ಕುಂತು, ಹವಾಮಾನ ನೋಡಿ ತಗೊಂಡ್ವಿ. ಆವಾಗ ಸರಿ ಆಯ್ತು.

ಈ ಮೂರು ಸಲದಾಗ ನಂಗ ತಿಳದದ್ದು ಏನಂದ್ರ, ನೀವು ಅಲ್ಲಿ ಟಿಕೆಟ್ ಕೊಳ್ಳೋದಿಲ್ಲ, ಟೈಮ್ ಕೊಳ್ತೀರಿ. ಟಿಕೆಟ್ಟಿನ ಮ್ಯಾಲ ತಾರೀಖು, ಒಳಗ ಬಿಡೋ ಗಂಟೆ ಎರಡೂ ಇರ್ತಾವ. ನಮ್ ಗೋಳ ಗುಮ್ಮಟದಂಗ ಹೋದಾಗ ಚೀಟಿ ತಗೊಂಡು ಒಳಗ ಹೋಗೋ ಜಾಗ ಅಲ್ಲ ಅದು. ಹಂಗಾಗಿ "ಮುಂಚೆ ತಗೋಬೇಕಾ ಬ್ಯಾಡಾ" ಅನ್ನೋದಕ್ಕಿಂತ ಮೊದಲು "ನಮಗ ಯಾವ ಟೈಮು ಬೇಕು, ಆ ಟೈಮು ತಪ್ಪಿದ್ರ ನಡೀತದಾ" ಅಂತ ಕೇಳ್ಕೋಬೇಕು. ಈಗ ಒಂದೊಂದೇ ನೋಡೋಣ.

ಹೆಜ್ಜೆ 1: ವೀಸಾ ಕೈಗೆ ಬರೋ ತನಕ ಏನೂ ಕೊಳ್ಳಬ್ಯಾಡ್ರಿ

ಇದು ಸಣ್ಣ ಮಾತು ಅನಿಸ್ತದ ಆದ್ರ ಭಾಳ ಮಂದಿ ಇಲ್ಲೇ ರೊಕ್ಕ ಕಳ್ಕೋತಾರ. ನಮ್ ಪಾಸ್‌ಪೋರ್ಟಿಗೆ ಹೆಚ್ಚಿನವರು ದುಬೈ ವೀಸಾ ಮುಂಚೇನೇ ಮಾಡಿಸ್ಕೊಂಡು ಹೋಗ್ಬೇಕು, ಅದು ಒಂದೊಂದ್ಸಲ ತಡ ಆಗ್ತದ, ಒಂದೊಂದ್ಸಲ ಮನ್ಯಾಗ ಒಬ್ಬರದ್ದು ಬಂದು ಇನ್ನೊಬ್ಬರದ್ದು ಬರೋದಿಲ್ಲ. ಟವರಿನ ಟಿಕೆಟ್ ಸಾಮಾನ್ಯವಾಗಿ ವಾಪಸ್ ತಗೊಳ್ಳೋದಿಲ್ಲ. ವೀಸಾ, ವಿಮಾನದ ಟಿಕೆಟ್ ಎರಡೂ ಕೈಯಾಗ ಬಂದ ಮ್ಯಾಲೇ ಇದರ ವಿಚಾರ.

ಮತ್ತ ಇಳಿದ ದಿನಾನೇ ಮ್ಯಾಲ ಹತ್ತೋ ಟಿಕೆಟ್ ತಗೋಬ್ಯಾಡ್ರಿ. ಹೈದರಾಬಾದಿನಿಂದ ವಿಮಾನ ಸುಮಾರು ನಾಲ್ಕು ತಾಸು, ಅದಕ್ಕಿಂತ ಮುಂಚೆ ಕಲಬುರಗಿಯಿಂದ ರಾತ್ರಿ ಪ್ರಯಾಣ, ನಿದ್ದಿ ಇಲ್ಲ ಊಟ ಇಲ್ಲ. ವಿಮಾನ ತಡ ಆದ್ರ ಟೈಮು ಹೋಯ್ತು. 2024ರ ಏಪ್ರಿಲ್ 16ಕ್ಕ ದುಬೈದಾಗ ಮಳಿ ಬಂದು ಊರೇ ನೀರಾಗಿ ನಿಂತಾಗ ವಿಮಾನ ಎಲ್ಲಾ ಅಸ್ತವ್ಯಸ್ತ ಆಗಿದ್ವಲ್ಲ, ಅಂಥಾದ್ದು ದಿನಾ ಆಗೋದಿಲ್ಲ ಖರೆ, ಆದ್ರ ಎರಡು ಮೂರು ತಾಸು ತಡ ಆಗೋದು ಎಲ್ಲಾರಿಗೂ ಆಗಿರ್ತದ.

ಹೆಜ್ಜೆ 2: ಯಾರ್ ಯಾರು ಹೊಂಟೀರಿ, ಯಾವ ಹೊತ್ತು ಬೇಕು

ಇದೇ ಮುಖ್ಯ, ಇಲ್ಲಿ ಸ್ವಲ್ಪ ಕುಂತು ಮಾತಾಡ್ರಿ ಮನಿಯವರ ಜೊತಿ.

ಎಲ್ಲಾರಿಗೂ ಸೂರ್ಯ ಮುಳುಗೋ ಹೊತ್ತೇ ಬೇಕು. ಯಾಕಂದ್ರ ಒಂದೇ ಟಿಕೆಟ್ಟಿನ್ಯಾಗ ಹಗಲೂ ಕಾಣ್ತದ, ಸೂರ್ಯಾಸ್ತಾನೂ ಕಾಣ್ತದ, ಊರಿನ ದೀಪ ಹತ್ತೋದೂ ಕಾಣ್ತದ. ಅದಕ್ಕೇ ಆ ಹೊತ್ತಿನ ಟಿಕೆಟ್ ಉಳಿದ ಹೊತ್ತಿನದಕ್ಕಿಂತ ತುಟ್ಟಿ, ಅದೇ ಮೊದಲು ಖಾಲಿ ಆಗೋದೂ. ನಿಮಗ ಅದೇ ಬೇಕು ಅಂದ್ರ ಕೌಂಟರಿನ ಮ್ಯಾಲ ಭರವಸೆ ಇಡಬ್ಯಾಡ್ರಿ, ಮುಂಚೆ ತಗೋಲೇಬೇಕು, ಎಷ್ಟು ಮುಂಚೆ ಅನ್ನೋದು ಕೆಳಗ ಹೇಳ್ತೀನಿ.

ಆದ್ರ ಎಲ್ಲಾರಿಗೂ ಅದು ಬೇಕೇ ಬೇಕಾ ಅಂತ ನೋಡ್ರಿ. ಮೊಣಕಾಲು ನೋವಿರೋ ಅವ್ವ, ಶುಗರ್ ಇರೋ ಅಪ್ಪ ಜೊತಿಗಿದ್ರ ಸಂಜಿ ಗದ್ದಲದಾಗ ನಿಲ್ಲೋದು ಅವರಿಗೆ ಶಿಕ್ಷೆ. ನಮ್ ಶರಣಬಸವೇಶ್ವರ ಜಾತ್ರ್ಯಾಗ ತೇರು ಎಳಿಯೋ ಹೊತ್ತಿಗೆ ಗುಡಿ ಮುಂದ ಹ್ಯಾಂಗಿರ್ತದ ನೋಡಿರಲ್ಲ, ಅದೇ ಮುಂಜಾನಿ ಹೋದ್ರ ಆರಾಮ ದರ್ಶನ ಆಗ್ತದ, ಇದೂ ಹಂಗೇ. ವಯಸ್ಸಾದವರಿದ್ರ ನನ್ನ ಸಲಹೆ ಮುಂಜಾನಿ ಹೋಗ್ರಿ ಅಂತ, ಗದ್ದಲ ಕಡಿಮಿ, ರೊಕ್ಕಾನೂ ಕಡಿಮಿ. ಬರೇ ದೀಪ ನೋಡಿದ್ರ ಸಾಕು ಅನ್ನೋ ಹುಡುಗರು ರಾತ್ರಿ ತಡ ಮಾಡಿ ಹೋಗ್ಲಿ. ಈ ಎರಡೂ ಹೊತ್ತಿಗೆ, ಸೀಜನ್ ಅಲ್ದಿದ್ರ, ಹಿಂದಿನ ದಿನ ಇಲ್ಲಾ ಅದೇ ದಿನ ತಗೊಂಡ್ರೂ ಹೆಚ್ಚಾಗಿ ಸಿಗ್ತದ.

ಸಣ್ಣ ಮಕ್ಕಳಿದ್ರ ಅವರ ಊಟ ನಿದ್ದಿ ಹೊತ್ತು ಲೆಕ್ಕ ಹಾಕ್ರಿ. ದುಬೈ ಗಡಿಯಾರ ನಮಗಿಂತ ಒಂದೂವರಿ ತಾಸು ಹಿಂದ. ಅಲ್ಲಿ ರಾತ್ರಿ ಎಂಟೂವರಿ ಅಂದ್ರ ನಮ್ ಮಕ್ಕಳ ಹೊಟ್ಟಿಗೆ, ಕಣ್ಣಿಗೆ ಹತ್ತು ಗಂಟಿ. ನನ್ನ ಮಗಳು ಯಾಕ ಮಲಗಿದ್ಳು ಅನ್ನೋದು ನಂಗ ಆಮ್ಯಾಲ ಹೊಳೀತು.

ಹೆಜ್ಜೆ 3: ಕ್ಯಾಲೆಂಡರ್ ನೋಡ್ರಿ

ಡಿಸೆಂಬರ್ ಮೂರನೇ ವಾರದಿಂದ ಜನವರಿ ಮೊದಲ್ನೇ ವಾರದ ತನಕ, ಮತ್ತ ಈದ್ ಸೂಟಿಯೊಳಗ, ಕಣ್ಣು ಮುಚ್ಚಿ ಮುಂಚೆ ತಗೊಳ್ರಿ. ಅಲ್ಲಿ ಹೋಗಿ ನೋಡೋಣ ಅಂದ್ರ ಆಗೋದಿಲ್ಲ. ಹೊಸ ವರ್ಷದ ಹಿಂದಿನ ರಾತ್ರಿ ಆ ಟವರಿನ ಮ್ಯಾಲ ಪಟಾಕಿ ಹಾರಿಸ್ತಾರ, ಆ ದಿನ ಆ ಏರಿಯಾನೇ ತುಂಬಿ ರೋಡು ಬಂದ್ ಮಾಡ್ತಾರ, ವಯಸ್ಸಾದವರನ್ನ ಕರ್ಕೊಂಡು ಆ ಕಡಿ ಹೋಗ್ಲೇಬ್ಯಾಡ್ರಿ.

ವಾರದ ದಿನದ್ದೂ ಒಂದು ಮಾತು. ಮೊದಲು ಅಲ್ಲಿ ಶುಕ್ರವಾರ ಶನಿವಾರ ಸೂಟಿ ಇತ್ತು, 2022ರ ಜನವರಿಯಿಂದ ಸರ್ಕಾರಿ ಆಫೀಸಿಗೆ ಶನಿವಾರ ಭಾನುವಾರ ಸೂಟಿ, ಶುಕ್ರವಾರ ಅರ್ಧ ದಿನ ಮಾಡ್ಯಾರ. ಹಳೇ ಮಂದಿ ಇನ್ನೂ "ಭಾನುವಾರ ಹೋಗ್ರಿ, ಅಲ್ಲಿ ಕೆಲಸದ ದಿನ, ಖಾಲಿ ಇರ್ತದ" ಅಂತ ಹೇಳ್ತಾರ, ಅದು ಈಗ ಉಲ್ಟಾ. ಸೋಮವಾರದಿಂದ ಗುರುವಾರದೊಳಗ ಹೋಗೋದು ಚೊಲೊ.

ಸೂರ್ಯ ಎಷ್ಟೊತ್ತಿಗೆ ಮುಳುಗ್ತಾನ ಅನ್ನೋದೂ ತಿಂಗಳಿಗೊಂದು. ಡಿಸೆಂಬರದಾಗ ಸಂಜಿ ಐದೂವರಿ ಆಸುಪಾಸು, ಮಾರ್ಚಿನ್ಯಾಗ ಆರೂವರಿ, ಜೂನಿನ್ಯಾಗ ಏಳು ದಾಟ್ತದ. ಟಿಕೆಟ್ಟಿನ ಮ್ಯಾಲಿನ ಟೈಮು ಅಂದ್ರ ಕೆಳಗ ಒಳಗ ಬಿಡೋ ಟೈಮು, ಮ್ಯಾಲ ಮುಟ್ಟೋ ಟೈಮು ಅಲ್ಲ. ಚೆಕಿಂಗ್ ಅದ, ಬ್ಯಾಗ್ ಮಶೀನಿನ್ಯಾಗ ಹಾಕ್ಬೇಕು, ಲಿಫ್ಟಿಗೆ ಪಾಳಿ ಅದ. ಗದ್ದಲ ಇದ್ರ ಇದಕ್ಕೇ ಅರ್ಧ ತಾಸು, ಮುಕ್ಕಾಲು ತಾಸು ಹೋಗ್ತದ. ಹಂಗಾಗಿ ಸೂರ್ಯಾಸ್ತಕ್ಕಿಂತ ಒಂದು ಒಂದೂಕಾಲು ತಾಸು ಮುಂಚಿನ ಟೈಮು ಆರಿಸ್ರಿ. ಮಂದಿ ಸೂರ್ಯಾಸ್ತದ ಟೈಮಿಗೇ ಕರೆಕ್ಟಾಗಿ ತಗೋತಾರ, ತುಟ್ಟಿ ರೊಕ್ಕ ಕೊಟ್ಟು ಲಿಫ್ಟಿನ ಪಾಳ್ಯಾಗ ನಿಂತಾಗೇ ಸೂರ್ಯ ಮುಳುಗಿರ್ತಾನ.

ಹೆಜ್ಜೆ 4: ಆಕಾಶ ನೋಡಿ ರೊಕ್ಕ ಹಾಕ್ರಿ

ನನ್ನ ಮೊದಲ್ನೇ ಸಲದ ರೊಕ್ಕ ಹೋದದ್ದು ಇಲ್ಲೇ. ಮ್ಯಾಲಿಂದ ಏನ್ ಕಾಣ್ತದ ಅನ್ನೋದು ಪೂರ್ತಿ ಹವಾ ಮ್ಯಾಲ ಅದ. ಬ್ಯಾಸಗಿಯೊಳಗ, ಮೇ ತಿಂಗ್ಳಿಂದ ಆಗಸ್ಟ್ ತನಕ, ಮರಳಿನ ಧೂಳು ಮತ್ತ ಸಮುದ್ರದ ಹಸಿ ಗಾಳಿ ಕೂಡಿ ಎಲ್ಲಾ ಮಬ್ಬು ಮಬ್ಬು. ಚಳಿಗಾಲದಾಗ ಗಾಳಿ ಸ್ವಚ್ಛ ಇರ್ತದ ಆದ್ರ ಒಂದೊಂದು ದಿನ ಮುಂಜಾನಿ ದಟ್ಟ ಮಂಜು ಬೀಳ್ತದ, ಬಿಸಿಲು ಏರಿದ್ಮ್ಯಾಲ ಹೋಗ್ತದ. ನಮ್ ಕಡಿ ಮಂದಿ ಹೆಚ್ಚಾಗಿ ಹೋಗೋದು ಮಕ್ಕಳ ಸೂಟಿಯೊಳಗ, ಅಂದ್ರ ಏಪ್ರಿಲ್ ಮೇ, ಅಂದ್ರ ಮಬ್ಬಿನ ಸೀಜನ್ ಶುರು ಆಗೋ ಹೊತ್ತಿಗೆ. ಆವಾಗ ಒಂದು ತಿಂಗ್ಳು ಮುಂಚೆ ಟಿಕೆಟ್ ತಗೊಳ್ಳೋದು ಅಂದ್ರ ಮಳಿ ಬರ್ತದೋ ಇಲ್ಲೋ ಗೊತ್ತಿಲ್ದೇ ತೊಗರಿ ಬಿತ್ತಿದಂಗ. ರೈತಗ ಬ್ಯಾರೆ ದಾರಿ ಇಲ್ಲ, ನಮಗ ಅದ.

ದಾರಿ ಏನಂದ್ರ, ದುಬೈ ಮುಟ್ಟಿ, ಮೊದಲ್ನೇ ದಿನ ಸಂಜಿ ಎಲ್ಲೇ ತಿರಗಾಡ್ಲಿಕ್ಕ ಹೋದ್ರೂ ಆ ಟವರ್ ಕಡಿ ನೋಡ್ರಿ. 828 ಮೀಟರ್ ಎತ್ತರ ಅದ, ದೂರದಿಂದೂ ಕಾಣ್ತದ. ತುದಿ ತನಕ ಚಂದ ಕಾಣ್ಲಿಕತ್ತದ ಅಂದ್ರ ಮ್ಯಾಲಿಂದ ಊರೂ ಹಂಗೇ ಕಾಣ್ತದ. ಅರ್ಧಕ್ಕೇ ಮಬ್ಬಾಗಿ ಕರಗಿಹೋದಂಗ ಕಂಡ್ರ ಒಂದೆರಡು ದಿನ ತಡೀರಿ. ಫೋನಿನ್ಯಾಗ ಮುಂದಿನ ಮೂರು ನಾಲ್ಕು ದಿನದ ಹವಾಮಾನ ನೋಡಿ, ಧೂಳು ಮಂಜು ಇಲ್ಲ ಅಂದ ದಿನಕ್ಕ ರಾತ್ರಿ ರೂಮಿನ್ಯಾಗ ಕುಂತೇ ಬುಕ್ ಮಾಡ್ರಿ. ಐದಾರು ದಿನ ಇರೋರಿಗೆ ಇದೇ ಎಲ್ಲಾಕ್ಕಿಂತ ಚೊಲೊ ಪದ್ಧತಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ: ಎರಡ್ಮೂರು ದಿನ ಮುಂಚೆ, ಅಲ್ಲೇ ಕುಂತು, ಆಕಾಶ ನೋಡಿ. ಬರೇ ಒಂದು ದಿನ ದುಬೈದಾಗ ಇಳಿದು ಮುಂದ ಬ್ಯಾರೆ ದೇಶಕ್ಕ ಹೋಗೋರಿಗೆ ಈ ದಾರಿ ಇಲ್ಲ, ಅವರು ಮುಂಚೇನೇ ತಗೊಳ್ರಿ, ಹವಾ ಹ್ಯಾಂಗಿದ್ರೂ ಸರಿ ಅಂತ ಮನಸ್ಸು ಗಟ್ಟಿ ಮಾಡ್ಕೊಂಡು.

ಹೆಜ್ಜೆ 5: ಎಷ್ಟನೇ ಮಾಳಿಗಿ

ಮುಖ್ಯವಾಗಿ ಎರಡು ಥರ ಟಿಕೆಟ್. ಒಂದು 124, 125ನೇ ಮಾಳಿಗಿದು, ಇನ್ನೊಂದು 148ನೇದು. 124ನೇದು ನೆಲದಿಂದ ಸುಮಾರು 452 ಮೀಟರ್, 148ನೇದು 555 ಮೀಟರ್. ಬೀದರದ ಚೌಬಾರಾ ನೋಡೀರಲ್ಲ, ಊರ ನಡುವಿನ ಆ ಗೋಪುರ, ಅದು 71 ಅಡಿ. ಅಂಥಾವು ಸುಮಾರು 21 ಒಂದರ ಮ್ಯಾಲೊಂದು ಇಟ್ರ 124ನೇ ಮಾಳಿಗಿ, ಇನ್ನೂ ಐದು ಇಟ್ರ 148. ಆ ಮ್ಯಾಲಿನ ಐದು ಚೌಬಾರಾಕ್ಕ ಭಾಳ ರೊಕ್ಕ ಹೆಚ್ಚು ತಗೋತಾರ. ಮೊದಲ್ನೇ ಸಲ ಹೋಗೋರಿಗೆ 124 ಸಾಕೇ ಸಾಕು, ಅಲ್ಲಿಂದೇ ಶೇಖ್ ಝಾಯೆದ್ ರೋಡಿನ ಮ್ಯಾಲ ಕಾರು ತೊಗರಿ ಕಾಳಿನಂಗ ಉರುಳ್ತಿರ್ತಾವ. 148ರಾಗ ಮಂದಿ ಕಡಿಮಿ, ಕುಂದ್ರಲಿಕ್ಕ ಜಾಗ ಅದ, ಕುಡೀಲಿಕ್ಕ ತಿನ್ಲಿಕ್ಕ ಸ್ವಲ್ಪ ಕೊಡ್ತಾರ, ಹಂಗಾಗಿ ನಿಲ್ಲಲಿಕ್ಕ ಆಗದ ಹಿರಿಯರಿದ್ರ, ರೊಕ್ಕಾನೂ ಇದ್ರ, ವಿಚಾರ ಮಾಡಬಹುದು.

ಜೊತಿಗೆ ಅಕ್ವೇರಿಯಮ್ ಅದೂ ಇದೂ ಸೇರಿಸಿ ಕಾಂಬೋ ಮಾರ್ತಾರ. ಎರಡೂ ಹೆಂಗೂ ನೋಡೋದೇ ಇದ್ರ ತಗೊಳ್ರಿ. ಸೋವಿ ಸಿಗ್ತದ ಅಂತ ತಗೊಂಡ್ರ ಒಂದೇ ದಿನ ಎರಡೂ ಮುಗಿಸ್ಲಿಕ್ಕ ಓಡಾಡಿ ಹಿರಿಯರು ಸುಸ್ತಾಗ್ತಾರ.

ಹೆಜ್ಜೆ 6: ರೊಕ್ಕ ಮತ್ತ ಕಾರ್ಡ್

ರೇಟು ದಿನಕ್ಕೊಂದು, ಹೊತ್ತಿಗೊಂದು, ಹಂಗಾಗಿ ಇಲ್ಲಿ ಬರಿಯೋದಿಲ್ಲ, ತಗೊಳ್ಳೋ ದಿನ ನೋಡ್ರಿ. ಒಂದು ಲೆಕ್ಕ ಮಾತ್ರ ನೆನಪಿಡ್ರಿ. ದಿರ್ಹಮ್ ಅನ್ನೋದು ಡಾಲರಿಗೆ ಕಟ್ಟಿಹಾಕಿದ ರೊಕ್ಕ, 1997ರಿಂದ ಒಂದು ಡಾಲರಿಗೆ 3.67 ದಿರ್ಹಮ್ ಅಂತ ನಿಂತದ. ನಮ್ ರೂಪಾಯಿ ಡಾಲರ್ ಮುಂದ ಬಿದ್ದಷ್ಟೂ ಅಲ್ಲಿನ ಟಿಕೆಟ್ ನಮಗ ತುಟ್ಟಿ, ಅಲ್ಲಿ ರೇಟು ಹೆಚ್ಚ್ ಮಾಡದಿದ್ರೂ. ಇಲ್ಲಿಂದ ಕಾರ್ಡಿನ್ಯಾಗ ಕೊಟ್ರ ಬ್ಯಾಂಕಿನವರು ಮ್ಯಾಲ ವಿದೇಶಿ ಚಾರ್ಜ್ ಹಾಕ್ತಾರ, ಹೆಚ್ಚಾಗಿ ಶೇಕಡಾ ಎರಡರಿಂದ ಮೂರೂವರಿ. ಐದು ಮಂದಿ ಟಿಕೆಟ್ ಅಂದ್ರ ಅದೂ ಸಣ್ಣದಲ್ಲ. ಅಲ್ಲಿರೋ ತಮ್ಮನ ಕಾರ್ಡಿನಿಂದ ತಗೊಂಡ್ರ ಆ ಚಾರ್ಜ್ ಇರೋದಿಲ್ಲ, ನಾವು ಮೂರನೇ ಸಲ ಹಂಗೇ ಮಾಡಿದ್ವಿ, ತಮ್ಮಗ ಆಮ್ಯಾಲ ಕೊಟ್ವಿ.

ನಿಮ್ ಕಾರ್ಡಿನಿಂದೇ ಮಾಡೋದಿದ್ರ ಊರಾಗ ಇದ್ದಾಗೇ ಬ್ಯಾಂಕ್ ಆ್ಯಪಿನ್ಯಾಗ ಇಂಟರ್‌ನ್ಯಾಷನಲ್ ಬಳಕಿ ಚಾಲೂ ಮಾಡ್ಕೊಳ್ರಿ. 2020ರಾಗ ರಿಸರ್ವ್ ಬ್ಯಾಂಕ್ ನಿಯಮ ತಂದ ಮ್ಯಾಲ ಹೊಸ ಕಾರ್ಡಿನ್ಯಾಗ ಅದು ಬಂದ್ ಆಗಿಯೇ ಬರ್ತದ. ಓಟಿಪಿ ಬರೋ ಸಿಮ್ಮಿಗೆ ರೋಮಿಂಗ್ ಇಲ್ದಿದ್ರ ದುಬೈದಾಗ ಓಟಿಪಿನೇ ಬರೋದಿಲ್ಲ, ಅದನ್ನೂ ನೋಡ್ಕೊಳ್ರಿ. 4 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಬ್ಯಾಡ, ಪಾಸ್‌ಪೋರ್ಟಿನ ಫೋಟೋ ಫೋನಿನ್ಯಾಗ ಇಟ್ಕೊಂಡಿರ್ರಿ.

ಹೆಜ್ಜೆ 7: ಯಾರ ಹತ್ರ

ಟವರಿನವರದ್ದೇ ವೆಬ್‌ಸೈಟ್, ಇಲ್ಲಾ ಅಲ್ಲೇ ಕೌಂಟರ್, ಇಲ್ಲಾ ನಿಮಗ ಖಾತ್ರಿ ಇರೋ ದೊಡ್ಡ ಟ್ರಾವೆಲ್ ಆ್ಯಪ್. ವಾಟ್ಸ್ಆ್ಯಪಿನ್ಯಾಗ "ಅರ್ಧ ರೇಟಿಗೆ ಕೊಡ್ತೀನಿ" ಅಂತ ಕ್ಯೂಆರ್ ಕೋಡ್ ಫೋಟೋ ಕಳಿಸೋರಿಂದ ತಗೋಲೇಬ್ಯಾಡ್ರಿ, ಒಂದೇ ಕೋಡ್ ಹತ್ತು ಮಂದಿಗೆ ಮಾರಿದ್ರ ಮೊದಲು ಹೋದವನು ಒಳಗ, ಉಳಿದವರು ಹೊರಗ. ಪ್ಯಾಕೇಜ್ ತಗೊಂಡಿದ್ರ ಏಜೆಂಟನ್ನ ಮೂರು ಪ್ರಶ್ನೆ ಕೇಳ್ರಿ: ಯಾವ ಮಾಳಿಗಿ, ಯಾವ ತಾರೀಖು ಎಷ್ಟು ಗಂಟಿ, ಮತ್ತ ಹವಾ ಕೆಟ್ಟರ ದಿನ ಬದಲಿ ಮಾಡಿಕೊಡ್ತೀರಾ. ನಾನು ಮೊದಲ್ನೇ ಸಲ ಮೂರೂ ಕೇಳಿರ್ಲಿಲ್ಲ. ಬಾಯಿ ಮಾತು ಬ್ಯಾಡ, ಮೆಸೇಜಿನ್ಯಾಗ ಬರಸ್ಕೊಳ್ರಿ.

ಹೋಗೋ ದಿನ

ಒಳಗ ಹೋಗೋ ದಾರಿ ದುಬೈ ಮಾಲಿನ ಒಳಗಿಂದ ಅದ. ಮೆಟ್ರೋದ ರೆಡ್ ಲೈನಿನ್ಯಾಗ ಬುರ್ಜ್ ಖಲೀಫಾ ದುಬೈ ಮಾಲ್ ಅಂತೇ ಸ್ಟೇಷನ್ ಅದ, ಆದ್ರ ಅಲ್ಲಿ ಇಳಿದ್ರ ಮಾಲಿಗೆ ಬಂದ್ವಿ ಅಂತ ತಿಳ್ಕೋಬ್ಯಾಡ್ರಿ, ನಡುವ 800 ಮೀಟರಿಗಿಂತ ಹೆಚ್ಚು ಉದ್ದದ ಎಸಿ ಸೇತುವೆ ಅದ, ಅದು ಮುಗಿದ ಮ್ಯಾಲ ಮಾಲಿನೊಳಗ ಮತ್ತ ನಡಿಬೇಕು. ಅವ್ವ ಅರ್ಧ ದಾರ್ಯಾಗ "ಇನ್ನೂ ಎಷ್ಟು ದೂರ ಅದನೋ" ಅಂತ ನಿಂತುಬಿಟ್ಲು. ಹಿರಿಯರಿದ್ರ ಟ್ಯಾಕ್ಸಿ ಮಾಡಿ ಸೀದಾ ಮಾಲಿಗೆ ಇಳೀರಿ, ಟಿಕೆಟ್ ಟೈಮಿಗಿಂತ ಒಂದು ತಾಸು ಮುಂಚೆ. ದೊಡ್ಡ ಬ್ಯಾಗ್, ಕ್ಯಾಮೆರಾ ಸ್ಟ್ಯಾಂಡ್ ಮನ್ಯಾಗೇ ಬಿಡ್ರಿ.

ಲಿಫ್ಟ್ ಸೆಕೆಂಡಿಗೆ 10 ಮೀಟರ್ ಏರ್ತದ, ಸುಮಾರು ಒಂದು ನಿಮಿಷಕ್ಕ ಮ್ಯಾಲ. ಅಲುಗಾಟ ಗೊತ್ತಾಗೋದಿಲ್ಲ, ಆದ್ರ ಕಿವಿ ಕಟ್ಟಲಿಕ್ಕ ಶುರು ಆಗ್ತದ. ಅವ್ವ ಸೆರಗಿನ ಚುಂಗಿನಿಂದ ಕಿವಿ ಒತ್ತಿ ಹಿಡ್ಕೊಂಡು ಕಣ್ಣು ಮುಚ್ಚಿದ್ಲು. ಪೆಪ್ಪರ್‌ಮಿಂಟ್ ಬಾಯ್ಯಾಗ ಇಟ್ಕೊಂಡು ಉಗುಳು ನುಂಗ್ತಾ ಇದ್ರ ಅದು ಬಿಡ್ತದ, ಅವ್ವನ ಕೈಗೆ ಮೊದಲೇ ಒಂದು ಕೊಟ್ಟಿದ್ರ ಆಗ್ತಿತ್ತು.

ಮ್ಯಾಲ ಮುಟ್ಟಿದ್ಮ್ಯಾಲ ಎಲ್ಲಾರೂ ಸಮುದ್ರದ ಕಡಿ ಗಾಜಿಗೆ ಹೋಗಿ ಮುಕ್ಕರಿಸ್ತಾರ, ಯಾಕಂದ್ರ ಸೂರ್ಯ ಆ ಕಡಿ ಮುಳುಗ್ತಾನ. ನೀವು ಮೊದಲು ಇನ್ನೊಂದು ಕಡಿ, ಮರಳಿನ ಕಡಿ ನೋಡಿ ಬರ್ರಿ, ಅಲ್ಲಿ ಮಂದಿ ಇರೋದಿಲ್ಲ, ಟವರಿನ ನೆರಳು ಊರಿನ ಮ್ಯಾಲ ಉದ್ದಕ್ಕ ಚಾಚಿದ್ದು ಕಾಣ್ತದ, ಅದೇ ನಂಗ ಸೂರ್ಯಾಸ್ತಕ್ಕಿಂತ ಹೆಚ್ಚು ಹಿಡಿಸ್ತು. ಆಮ್ಯಾಲ ಸೂರ್ಯನ ಕಡಿ ಬರ್ರಿ. ಎತ್ತರದಾಗ ಸೂರ್ಯ ನೆಲದಕ್ಕಿಂತ ತಡವಾಗಿ ಮುಳುಗ್ತಾನ, ಇದು ಬರೇ ಮಾತಲ್ಲ, 2011ರಾಗ ದುಬೈನ ಮುಫ್ತಿಯವರು ಈ ಟವರಿನ 80ನೇ ಮಾಳಿಗಿ ಮ್ಯಾಲಿನವರು ರೋಜಾ ಎರಡು ನಿಮಿಷ ತಡವಾಗಿ, 150ರ ಮ್ಯಾಲಿನವರು ಮೂರು ನಿಮಿಷ ತಡವಾಗಿ ಬಿಡ್ಬೇಕು ಅಂತ ಹೇಳಿದ್ರು. ನಮ್ ಜೊತಿಗೆ ಬಂದಿದ್ದ ತಮ್ಮನ ರೂಮಿನ ಹುಡುಗ, ಯಾದಗಿರಿಯವ, ಇದನ್ನ ಹೇಳಿದಾಗ ಅವ್ವಗ ಭಾಳ ಖುಷಿ ಆಯ್ತು.

ಇಳಿಯೋ ಲಿಫ್ಟಿಗೂ ಪಾಳಿ ಅದ, ಸೂರ್ಯ ಮುಳುಗಿದ ಕೂಡ್ಲೇ ಎಲ್ಲಾರೂ ಒಮ್ಮೆಲೇ ಇಳೀಲಿಕ್ಕ ಹೋಗ್ತಾರ. ಆವಾಗ ಇಳಿಬ್ಯಾಡ್ರಿ, ದೀಪ ಹತ್ತೋ ತನಕ ಅಲ್ಲೇ ಇರ್ರಿ, ಟವರಿನ ಬುಡಕ್ಕಿರೋ ಕಾರಂಜಿ ಮ್ಯಾಲಿಂದ ನೋಡ್ರಿ, ಗದ್ದಲ ಕರಗಿದ್ಮ್ಯಾಲ ಇಳೀರಿ.

ಇನ್ನೊಂದು, ಮ್ಯಾಲಿಂದ ಊರಿಗೆ ವಾಟ್ಸ್ಆ್ಯಪ್ ವಿಡಿಯೋ ಕಾಲ್ ಮಾಡಿ ತೋರಿಸೋಣ ಅಂತ ಇದ್ರ, ಆ ದೇಶದಾಗ ವಾಟ್ಸ್ಆ್ಯಪ್ ಕಾಲ್ ನಡಿಯೋದಿಲ್ಲ, ಮೆಸೇಜ್ ಮಾತ್ರ ಹೋಗ್ತದ. ಅವ್ವ ಊರಾಗಿದ್ದ ಆಯಿಗೆ ತೋರಿಸ್ಬೇಕು ಅಂತ ಮೂರು ಸಲ ಹಚ್ಚಿ ನೋಡಿದ್ಲು, ಹತ್ತಲಿಲ್ಲ. ಕಡೀಗೆ ಮರಳಿನ ಕಡಿ ಗಾಜಿನ ಹತ್ರ ನಿಂತು "ನಮ್ ಕಲಬುರಗಿ ಈ ದಿಕ್ಕಿಗೆ ಅದ ಅಂತವ್ವಾ, ಕಾಣವಲ್ದು" ಅಂತ ಹೇಳಿ ವಿಡಿಯೋ ಮಾಡಿ ಕಳಿಸಿದ್ಲು. ಊರಾಗ ಅಷ್ಟೊತ್ತಿಗೆ ಕತ್ತಲಾಗಿ ತಾಸಾಗಿತ್ತು, ಆಯಿ ಮರುದಿನ ಮುಂಜಾನಿ ನೋಡಿದ್ಲು.